ಕೋಳಿಬಲೆಯ ಡಿಶ್‌ನಿಂದ ಎಚ್.ಡಿ. ಪೆಟ್ಟಿಗೆಯವರೆಗೆ



ನನ್ನ ಹಳೆಯ ವಿದ್ಯಾರ್ಥಿಯೊಬ್ಬರು (ಅವರೂ ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ) ಪತ್ರ ಬರೆದು, "ಮೇಷ್ಟ್ರೇ, ಊರಿನ ಮನೆಗೆ ಯಾವ ಕಂಪನಿಯ ಎಚ್.ಡಿ. ಪೆಟ್ಟಿಗೆ ಹಾಕಿಸಲಿ?" ಎಂದು ಕೇಳಿದ್ದಾರೆ. ಕಂಪನಿಯ ಹೆಸರು ಹೇಳುವ ಕೆಲಸ ನನ್ನದಲ್ಲ. ಆದರೆ ಆಕಾಶದಿಂದ ಚಿತ್ರವನ್ನು ಇಳಿಸಿಕೊಳ್ಳುವ ಈ ಸಾಧನದ ಚರಿತ್ರೆಯನ್ನು ಅರ್ಧ ಶತಮಾನದಿಂದ ಹತ್ತಿರದಿಂದ ಕಂಡವನಾದ್ದರಿಂದ ಅದನ್ನಿಷ್ಟು ಹೇಳಬಲ್ಲೆ.

ನಮ್ಮ ದೇಶದ ಹಳ್ಳಿಗಳಿಗೆ ಉಪಗ್ರಹದ ಟಿ.ವಿ. ಬಂದದ್ದು ನಗರಗಳಿಗಿಂತ ಮೊದಲು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. 1975ರ ಆಗಸ್ಟ್ 1ರಂದು 'ಸೈಟ್' ಎಂಬ ಪ್ರಯೋಗ ಆರಂಭವಾಯಿತು. ಉಪಗ್ರಹದ ಮೂಲಕ ಶೈಕ್ಷಣಿಕ ದೂರದರ್ಶನ ಎಂಬುದು ಅದರ ಅರ್ಥ. ವಿಕ್ರಮ್ ಸಾರಾಭಾಯಿ ಅವರು ಕಂಡ ಕನಸು ಅದು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು, ಆದರೆ ಅದು ಕಾರ್ಯರೂಪಕ್ಕೆ ಬಂದುದನ್ನು ನೋಡಲು ಅವರು ಉಳಿಯಲಿಲ್ಲ. ಎ.ಟಿ.ಎಸ್.-6 ಎಂಬ ಅಮೆರಿಕದ ಉಪಗ್ರಹವನ್ನು ಆಫ್ರಿಕಾದ ಪೂರ್ವಭಾಗದ ಮೇಲೆ, 35 ಡಿಗ್ರಿ ಪೂರ್ವ ರೇಖಾಂಶಕ್ಕೆ ತಂದು ನಿಲ್ಲಿಸಿದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಆ ಭಾಗ್ಯ ದೊರೆಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ.

ನಾನು ಆಗ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೊಸದಾಗಿ ನೇಮಕಗೊಂಡ ಶಿಕ್ಷಕ. ನಮ್ಮ ಶಾಲೆಯ ಮಾಡಿನ ಪಕ್ಕದಲ್ಲಿ ಹತ್ತು ಅಡಿ ವ್ಯಾಸದ ಡಿಶ್ ನಿಂತಿತು. ಕೋಳಿಗೂಡಿಗೆ ಹೊದಿಸುವ ತಂತಿಬಲೆಯಿಂದಲೇ ಅದನ್ನು ಮಾಡಿದ್ದರು. ಅಗ್ಗವಾಗಬೇಕು, ಬಿಸಿಲು ಗಾಳಿಗೆ ತಡೆಯಬೇಕು, ಹಳ್ಳಿಯವನೇ ಸರಿಪಡಿಸುವಂತಿರಬೇಕು ಎಂಬುದು ವಿಜ್ಞಾನಿಗಳ ಲೆಕ್ಕಾಚಾರ. ಬಲೆಯ ಮುಖ ಪಡುವಣಕ್ಕೆ. ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿಯನ್ನು ಕಳುಹಿಸುವ ವ್ಯವಸ್ಥೆಯೂ ಇತ್ತು. ಬೆಳಿಗ್ಗೆ ಮಕ್ಕಳಿಗೆ ಒಂದೂವರೆ ಗಂಟೆ, ಸಂಜೆ ಊರಿನವರಿಗೆ ಎರಡೂವರೆ ಗಂಟೆ ಕಾರ್ಯಕ್ರಮ. ರಜೆಯಲ್ಲಿ ಇದರ ಮೂಲಕವೇ ಹತ್ತಾರು ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ಅವರಲ್ಲಿ ನಾನೂ ಒಬ್ಬ. ಪೆಟ್ಟಿಗೆಯ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಗುಂಡಿ ಒತ್ತಿದರೆ ಚಿತ್ರ ಬರುತ್ತಿತ್ತು, ಅಷ್ಟೆ. ಆರಿಸುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ತಪ್ಪು ಆಯ್ಕೆಯೆಂಬುದೂ ಇರಲಿಲ್ಲ.

ಸ್ಥಿರ ಕಕ್ಷೆಯ ಉಪಗ್ರಹಗಳಿಂದ ಭೂಮಿಗೆಲ್ಲ ಸಂದೇಶ ಕಳುಹಿಸಬಹುದೆಂದು 1945ರಲ್ಲೇ ಬರೆದಿದ್ದ ಆರ್ಥರ್ ಸಿ. ಕ್ಲಾರ್ಕ್ ಅವರ ಕೊಲಂಬೊ ಮನೆಗೂ ನಮ್ಮ ಇಸ್ರೋದವರೇ ಹೋಗಿ ಇಂಥ ಒಂದು ಗ್ರಾಹಕವನ್ನು ಕಟ್ಟಿಕೊಟ್ಟರು. ರಾಯಚೂರಿನ ಹಳ್ಳಿಗ ಮತ್ತು ಆ ಮಹಾಲೇಖಕ ಒಂದೇ ಸಂಜೆ ಒಂದೇ ಚಿತ್ರವನ್ನು ನೋಡಿದರೆಂಬುದು ನನಗೆ ಇಂದಿಗೂ ಪುಳಕದ ಸಂಗತಿ.

1976ರ ಜುಲೈ 31ಕ್ಕೆ ಒಂದು ವರ್ಷದ ಕರಾರು ಮುಗಿಯಿತು. ಉಪಗ್ರಹವನ್ನು ಅಮೆರಿಕದವರು ಪಶ್ಚಿಮಕ್ಕೆ ಸರಿಸಿಕೊಂಡರು. ಪೆಟ್ಟಿಗೆ ಚೆನ್ನಾಗಿಯೇ ಇತ್ತು, ಬಲೆಯೂ ಚೆನ್ನಾಗಿತ್ತು. ಆಕಾಶದಲ್ಲಿ ಎದುರಿಗೆ ಯಾರೂ ಇರಲಿಲ್ಲ. ಗ್ರಾಹಕವೆಂಬುದು ತಾನಾಗಿ ಏನೂ ಅಲ್ಲ, ಮೇಲಿರುವವನ ಕೃಪೆಯಿರುವಷ್ಟು ದಿನ ಮಾತ್ರ ಅದಕ್ಕೆ ಜೀವ ಎಂಬುದನ್ನು ಆ ಹಳ್ಳಿ ಅಂದೇ ಕಲಿಯಿತು.

ನಡುವಿನ ಹದಿನೈದು ವರ್ಷಗಳನ್ನು ಬೇಗ ದಾಟುತ್ತೇನೆ. 1982ರಲ್ಲಿ ಹಾರಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ನಿಷ್ಕ್ರಿಯವಾಯಿತು. 1983ರ ಇನ್ಸಾಟ್-1ಬಿ ನಿಂತಿತು. ಉಪಗ್ರಹದ ಚಿತ್ರವನ್ನು ಸರ್ಕಾರದ ಮರುಪ್ರಸಾರ ಕೇಂದ್ರ ಹಿಡಿದು ಹಂಚುತ್ತಿತ್ತು. ನಮ್ಮ ಮಾಡಿನ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಇದ್ದರೆ ಸಾಕಿತ್ತು. 1991ರ ಕೊಲ್ಲಿ ಯುದ್ಧದ ಬಳಿಕ ಖಾಸಗಿ ಉಪಗ್ರಹ ವಾಹಿನಿಗಳು ಬಂದವು. ಅವುಗಳ ಅಲೆಗಳು ಏಳೆಂಟು ಸೆಂಟಿಮೀಟರ್ ಉದ್ದದವು. ಹಿಡಿಯಲು ಎಂಟು ಹನ್ನೆರಡು ಅಡಿಯ ಡಿಶ್ ಬೇಕು. ಮನೆಮನೆಗೆ ಅದು ಸಾಧ್ಯವಿಲ್ಲವಾದ್ದರಿಂದ ಕೇಬಲ್‌ನವನು ಹುಟ್ಟಿಕೊಂಡ. ಮನೆಯ ಮೇಲೆ ಸಣ್ಣ ತಟ್ಟೆಯಿಟ್ಟು ನೇರವಾಗಿ ಪಡೆಯುವ ಕೆ.ಯು. ಬ್ಯಾಂಡ್ ಸೇವೆಯನ್ನು ಸರ್ಕಾರ 1997ರಲ್ಲಿ ನಿಷೇಧಿಸಿತು. 2000ದ ಕೊನೆಗೆ ಒಪ್ಪಿ, 2001ರಲ್ಲಿ ನಿಯಮಗಳನ್ನು ಪ್ರಕಟಿಸಿತು. 2003ರಲ್ಲಿ ಮೊದಲ ಖಾಸಗಿ ಡಿ.ಟಿ.ಎಚ್. ಸೇವೆ, 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಸೇವೆ, ಆಮೇಲೆ ಒಂದರ ಹಿಂದೆ ಒಂದರಂತೆ ಇನ್ನೂ ಐದು ಕಂಪನಿಗಳು ಬಂದವು.

ನಾನು ಹೇಳಬೇಕಾದ ಮುಖ್ಯ ಸಂಗತಿ ಆ ನಿಯಮಗಳಲ್ಲಿಯೇ ಇದೆ. ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದರ ಸೇವೆಗೂ ಹೊಂದುವಂತಿರಬೇಕು ಎಂದು ಪರವಾನಗಿಯ ಷರತ್ತಿನಲ್ಲಿ ಬರೆದಿತ್ತು. ಕಂಪನಿಗಳು ಏನು ಮಾಡಿದವು? ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಕಿಂಡಿ ಬಿಟ್ಟವು. ಬೇರೆ ಕಂಪನಿಯ ಸಂಕೇತವನ್ನು ಬಿಡಿಸುವ ಸಾಧನವನ್ನು ಆ ಕಿಂಡಿಗೆ ತೂರಿಸಬೇಕು. ಆದರೆ ಆ ಸಾಧನ ಅಂಗಡಿಯಲ್ಲಿ ಸಿಗದು. ಸಿಕ್ಕರೂ ಹೊಸ ಪೆಟ್ಟಿಗೆಗಿಂತ ಅಗ್ಗವೇನಲ್ಲ. ಸಾಲದುದಕ್ಕೆ, ಮೊದಲು ಬಂದ ಕಂಪನಿಗಳು ಎಂಪೆಗ್-2 ಎಂಬ ಕ್ರಮದಲ್ಲಿ ಚಿತ್ರವನ್ನು ಅಡಕಗೊಳಿಸುತ್ತಿದ್ದವು. ಆಮೇಲೆ ಬಂದವು ಎಂಪೆಗ್-4 ಎಂಬ ಹೊಸ ಕ್ರಮವನ್ನು ಹಿಡಿದವು. ಹಳೆಯದನ್ನು ಮಾತ್ರ ಬಲ್ಲ ಪೆಟ್ಟಿಗೆಗೆ ಹೊಸದು ಅರ್ಥವಾಗದು. ನಿಯಮ ಪಾಲನೆಯಾಯಿತು, ಗ್ರಾಹಕ ಮಾತ್ರ ಕಟ್ಟಿಹಾಕಲ್ಪಟ್ಟ.

2010ರಲ್ಲಿ ಎಚ್.ಡಿ. ಬಂತು. ನಮ್ಮ ಹಳೆಯ ಚಿತ್ರದಲ್ಲಿ ಕಾಣುವ ಅಡ್ಡಗೆರೆಗಳು 576, ಹೊಸದರಲ್ಲಿ 1080. ಚಿತ್ರದ ಬಿಂದುಗಳ ಲೆಕ್ಕದಲ್ಲಿ ಐದು ಪಟ್ಟು. ಜಪಾನಿನವರು 1960ರ ದಶಕದಲ್ಲೇ ಇದರ ಸಂಶೋಧನೆಗೆ ತೊಡಗಿದ್ದರು. ಆ ವರ್ಷದ ಅಕ್ಟೋಬರಿನ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್.ಡಿ.ಯಲ್ಲಿ ಪ್ರಸಾರ ಮಾಡಿತು. ಮರುವರ್ಷ ವಿಶ್ವಕಪ್ ಕ್ರಿಕೆಟ್. ನಾನು ಆಗತಾನೆ ನಿವೃತ್ತನಾಗಿದ್ದೆ. ನನ್ನ ಮನೆಯಾಕೆಗೆ ಕ್ರಿಕೆಟ್ ಪ್ರಾಣ. ಕಣ್ಣಿನ ತೊಂದರೆಯಿಂದ ಚೆಂಡು ಮಾತ್ರ ಕಾಣದು. "ಬ್ಯಾಟು ಬೀಸೋದು ಕಾಣತ್ತೆ, ಚೆಂಡು ಎಲ್ಲಿ ಹೋಯ್ತು ಅಂತ ನೀವು ಹೇಳ್ಬೇಕು" ಎನ್ನುತ್ತಿದ್ದಳು. ಆಕೆಗಾಗಿ ಎಚ್.ಡಿ. ಹಾಕಿಸುವುದೆಂದು ನಿಶ್ಚಯಿಸಿದೆ.

ಅಂಗಡಿಯಲ್ಲಿ ಮೊದಲ ಗೊಂದಲ. ಒಂದು ಟಿ.ವಿ.ಯ ಮೇಲೆ 'ಎಚ್.ಡಿ. ರೆಡಿ', ಇನ್ನೊಂದರ ಮೇಲೆ 'ಫುಲ್ ಎಚ್.ಡಿ.'. ಮೊದಲನೆಯದರಲ್ಲಿ ಇರುವುದು 768 ಗೆರೆಗಳು ಮಾತ್ರ; 1080ನ್ನು ಅದು ಕುಗ್ಗಿಸಿ ತೋರಿಸುತ್ತದೆ. ಮಾರುವ ಹುಡುಗನಿಗೆ ಇದರ ಅರಿವಿಲ್ಲ. ಟಿ.ವಿ. ಬಂದ ಮೇಲೆ ನಮ್ಮ ಹಳೆಯ ಪೆಟ್ಟಿಗೆಯನ್ನು ಬಿಸಾಡಬೇಕೆಂದು ತಿಳಿಯಿತು. ಅದೇ ಕಂಪನಿ, ಅದೇ ಡಿಶ್, ಪೆಟ್ಟಿಗೆ ಮಾತ್ರ ಬೇರೆ, ಬೆಲೆಯೂ ಬೇರೆ. ಹೊಸ ಪೆಟ್ಟಿಗೆಯನ್ನು ತಂದ ತಂತ್ರಜ್ಞ ಹಳದಿ, ಕೆಂಪು, ಬಿಳಿ ಬಣ್ಣದ ಹಳೆಯ ತಂತಿಗಳನ್ನೇ ಸಿಕ್ಕಿಸಿ ಹೊರಟುಹೋದ. ಆ ತಂತಿಯಲ್ಲಿ ಎಚ್.ಡಿ. ಚಿತ್ರ ಹರಿಯುವುದೇ ಇಲ್ಲ, ಅದಕ್ಕೆ ಎಚ್.ಡಿ.ಎಂ.ಐ. ಎಂಬ ಬೇರೆ ತಂತಿ ಬೇಕು. ಇದನ್ನು ಕಂಡುಹಿಡಿದವನು ರಜೆಗೆ ಬಂದಿದ್ದ ನನ್ನ ಅಕ್ಕನ ಮೊಮ್ಮಗ. ಅದುವರೆಗೆ ಎಚ್.ಡಿ. ಶುಲ್ಕ ಕೊಟ್ಟು ಹಳೆಯ ಚಿತ್ರವನ್ನೇ, ಅದೂ ಅಡ್ಡಕ್ಕೆ ಹಿಗ್ಗಿ ಎಲ್ಲರೂ ದಪ್ಪಗೆ ಕಾಣುವಂತೆ, ನಾವು ನೋಡಿದ್ದೆವು. ಗ್ರಾಹಕ ಸೇವೆಗೆ ಕರೆ ಮಾಡಿದರೆ ಎರಡು ಒತ್ತಿ, ನಾಲ್ಕು ಒತ್ತಿ ಎಂದು ಹಿಂದಿಯಲ್ಲಿ ಆದೇಶ.

ತಂತಿ ಬಂದಿತು. ಮೊದಲ ಸಲ ಚೆಂಡನ್ನು ಕಂಡು ಆಕೆ ಚಪ್ಪಾಳೆ ತಟ್ಟಿದಳು. ಐದು ಪಟ್ಟು ಬಿಂದುಗಳ ಬೆಲೆ ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಆ ತಂತ್ರಜ್ಞಾನವನ್ನು ನಾನು ನಿಂದಿಸಲಾರೆ. ಆದರೆ ಭಾರತ ಆಡಿದ ಒಂದು ಪಂದ್ಯದ ಸಂಜೆ ನಮ್ಮ ಮಲೆನಾಡಿನಲ್ಲಿ ಗುಡುಗು ಮಳೆ ಹಿಡಿಯಿತು. ಕೆ.ಯು. ಬ್ಯಾಂಡಿನ ಅಲೆ ಎರಡೂವರೆ ಸೆಂಟಿಮೀಟರ್ ಉದ್ದದ್ದು. ದಪ್ಪ ಹನಿಗಳು ಅದನ್ನು ಹೀರಿ ಚದುರಿಸಿಬಿಡುತ್ತವೆ. ಒಂದೇ ದಾರಿಯಲ್ಲಿ ಹೆಚ್ಚು ಮಾಹಿತಿ ತುರುಕಿರುವ ಎಚ್.ಡಿ.ಗೆ ಸಂಕೇತ ಇನ್ನಷ್ಟು ಗಟ್ಟಿಯಾಗಿರಬೇಕು. ಆದ್ದರಿಂದ ಮಳೆಯಲ್ಲಿ ಮೊದಲು ಮುಳುಗುವುದು ಅದೇ. ಪರದೆಯ ಮೇಲೆ 'ಸಂಕೇತ ದೊರೆಯುತ್ತಿಲ್ಲ' ಎಂಬ ಇಂಗ್ಲಿಷ್ ಬರೆಹ. ಆಗ ಕೈಹಿಡಿದದ್ದು ಮಾಡಿನ ಹಳೆಯ ಮೀನುಮುಳ್ಳು. ಭಾರತದ ಪಂದ್ಯಗಳನ್ನು ದೂರದರ್ಶನದೊಡನೆ ಹಂಚಿಕೊಳ್ಳಬೇಕೆಂದು 2007ರ ಕಾನೂನು ವಿಧಿಸಿತ್ತು. ಮಂಜು ಸುರಿದಂಥ ಚಿತ್ರದಲ್ಲಿ ನಾನು ಚೆಂಡು ಹೋದ ದಿಕ್ಕನ್ನು ಹೇಳುತ್ತ, ಆಕೆ ಕೇಳುತ್ತ ಆಟ ಮುಗಿಯಿತು.

ಮಳೆಯಾದರೂ ಒಂದು ಗಂಟೆಯಲ್ಲಿ ನಿಲ್ಲುತ್ತದೆ. 2010ರ ಜುಲೈ 7ರಂದು ಇನ್ಸಾಟ್-4ಬಿ ಉಪಗ್ರಹದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡು, ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಬೇಕಾಯಿತು. ಅದನ್ನು ನಂಬಿದ್ದ ಸನ್ ಡೈರೆಕ್ಟ್ ಸೇವೆ ಎರಡು ಡಿಗ್ರಿ ಪಶ್ಚಿಮದಲ್ಲಿದ್ದ ಮೀಸ್ಯಾಟ್-3ಕ್ಕೆ ಸ್ಥಳಾಂತರಗೊಂಡಿತು. ಎರಡು ಡಿಗ್ರಿ! ಆಕಾಶದಲ್ಲಿ ಬೆರಳಗಲ. ಆದರೆ ಅಷ್ಟಕ್ಕಾಗಿ ಮನೆಮನೆಯ ಡಿಶ್‌ಗಳನ್ನು ತಿರುಗಿಸಬೇಕಾಯಿತು.

ಕನ್ನಡದ ಮಾತು ಹೇಳದೆ ಇರಲಾರೆ. ನಾವು ಎಚ್.ಡಿ. ಪೆಟ್ಟಿಗೆ ಕೊಂಡಾಗ ಕನ್ನಡದ ಒಂದೂ ಎಚ್.ಡಿ. ವಾಹಿನಿಯಿರಲಿಲ್ಲ, ಅವು ಬರುವ ಹೊತ್ತಿಗೆ ಆ ದಶಕ ಅರ್ಧ ಕಳೆದಿತ್ತು. 1975ರಲ್ಲಿ ಅಮೆರಿಕದ ಉಪಗ್ರಹ ಮೊದಲ ವರ್ಷವೇ ಕನ್ನಡ ಮಾತನಾಡಿತ್ತೆಂಬುದನ್ನು ನೆನೆದರೆ ವಿಚಿತ್ರವೆನಿಸುತ್ತದೆ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರಪಟ್ಟಿ ಜಾರಿಗೆ ಬಂತು. ನೂರು ವಾಹಿನಿಗಳಿಗೆ 130 ರೂಪಾಯಿ ಜಾಲಶುಲ್ಕ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ, ಎಚ್.ಡಿ. ವಾಹಿನಿ ಒಂದಿದ್ದರೆ ಎರಡೆಂದು ಎಣಿಕೆ. ಬೇಕಾದುದನ್ನು ಮಾತ್ರ ಆರಿಸಿಕೊಳ್ಳುವ ಸ್ವಾತಂತ್ರ್ಯವಂತೆ. ನಾಲ್ಕು ಸಂಜೆ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದ ಮೇಲೂ ನಮ್ಮ ತಿಂಗಳ ಖರ್ಚು ಏರಿತು.

2020ರಲ್ಲಿ ಅದೇ ಪ್ರಾಧಿಕಾರ, ಎಲ್ಲ ಕಂಪನಿಗಳಿಗೂ ಹೊಂದುವ ಪೆಟ್ಟಿಗೆ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತು. 2001ರಲ್ಲಿ ಬರೆದ ಷರತ್ತನ್ನೇ ಹತ್ತೊಂಬತ್ತು ವರ್ಷಗಳ ಬಳಿಕ ಮತ್ತೆ ಕೇಳಿದಂತೆ. 2022ರಲ್ಲಿ ಭಾರತೀಯ ಮಾನಕ ಸಂಸ್ಥೆ, ಉಪಗ್ರಹ ಗ್ರಾಹಕವನ್ನು ಒಳಗೇ ಅಳವಡಿಸಿದ ಟಿ.ವಿ.ಗಳಿಗೆ ಮಾನದಂಡ ಪ್ರಕಟಿಸಿತು. ಅಂಥ ಟಿ.ವಿ.ಯಲ್ಲಿ ಡಿಶ್ ಒಂದಿದ್ದರೆ ಸಾಕು, ದೂರದರ್ಶನದ ಉಚಿತ ವಾಹಿನಿಗಳನ್ನು ಪೆಟ್ಟಿಗೆಯಿಲ್ಲದೆ ನೋಡಬಹುದು. ಹಣ ಕೊಟ್ಟು ನೋಡುವ ವಾಹಿನಿಗಳ ಬೀಗ ಮಾತ್ರ ಹಾಗೆಯೇ ಇದೆ. ಮೀನುಮುಳ್ಳಿನ ಆಂಟೆನಾಗೆ ಚಿತ್ರ ಕೊಡುತ್ತಿದ್ದ ಮರುಪ್ರಸಾರ ಕೇಂದ್ರಗಳೂ 2022ರ ಹೊತ್ತಿಗೆ ಬಹುಪಾಲು ಮುಚ್ಚಿದವು. ಈಗ ಮಳೆ ಬಂದರೆ ಬೇರೆ ದಾರಿಯಿಲ್ಲ.

ನಮ್ಮ ಅಟ್ಟದ ಮೇಲೆ ಮೂರು ಪೆಟ್ಟಿಗೆಗಳಿವೆ. ಮೂರಕ್ಕೂ ವಿದ್ಯುತ್ ಕೊಟ್ಟರೆ ದೀಪ ಹೊತ್ತುತ್ತದೆ. ಪತ್ರ ಬರೆದ ಮಿತ್ರರು ಬೇಕೆಂದರೆ ಬಂದು ನೋಡಬಹುದು. ಆದರೆ ಅವರ ಊರಿನಲ್ಲಿ ಇವುಗಳಲ್ಲಿ ಒಂದೂ ನಡೆಯುವುದಿಲ್ಲ.