ಆರಂಭಿಕ ಜೆಕ್ ಮೂಕಿ ಹಾಸ್ಯಚಿತ್ರಗಳು

ಆರಂಭಿಕ ಜೆಕ್ ಮೂಕಿ ಹಾಸ್ಯಚಿತ್ರಗಳು ಅಂದು ಆಸ್ಟ್ರಿಯಾ-ಹಂಗೆರಿಗೆ ಸೇರಿದ್ದ ಬೊಹೀಮಿಯಾದಲ್ಲಿ 1898ರಿಂದ ತಯಾರಾದ ಕಿರುಚಿತ್ರಗಳು. ಇವುಗಳಲ್ಲಿ ಮೊದಲಿನವನ್ನು ಯಾನ್ ಕ್ರಿಝೆನೆಟ್ಸ್ಕಿ (1868–1921) ಲುಮಿಯೆರ್ ಸಹೋದರರ ಯಂತ್ರದಿಂದ ಚಿತ್ರಿಸಿ, ಅದೇ ವರ್ಷ ಪ್ರಾಗ್‌ನ ವಾಸ್ತುಶಿಲ್ಪ ಮತ್ತು ತಾಂತ್ರಿಕ ವಸ್ತುಪ್ರದರ್ಶನದಲ್ಲಿ ತೋರಿಸಿದರು. ಕ್ಯಾಬರೆ ಕಲಾವಿದ ಯೋಸೆಫ್ ಶ್ವಾಬ್-ಮಾಲೊಸ್ಟ್ರಾನ್ಸ್ಕಿ ಇವುಗಳಲ್ಲಿ ನಟಿಸಿದ್ದಾರೆ. 'ಪ್ರದರ್ಶನದ ಸಾಸೇಜ್ ಮಾರುವವ ಮತ್ತು ಭಿತ್ತಿಪತ್ರ ಅಂಟಿಸುವವ' ಎಂಬುದು ಬೀದಿಯ ಪ್ರಹಸನ. 'ನಗು ಮತ್ತು ಅಳು' ಚಿತ್ರದಲ್ಲಾದರೋ ಕಥೆಯೇ ಇಲ್ಲ. ಒಂದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ನಟನ ಮುಖವೊಂದೇ ನಗುತ್ತದೆ, ಅಳುತ್ತದೆ. ಭಾಷೆ ತಿಳಿಯದವರಿಗೂ ಇದು ಅರ್ಥವಾಗುತ್ತದೆ.

ಸಂಗ್ರಾಹಕರಿಗೆ ಕಥೆಯಷ್ಟೇ ಫಿಲ್ಮಿನ ಸುರುಳಿಯೂ ಆಕರ್ಷಕ. ಲುಮಿಯೆರ್ ಫಿಲ್ಮಿನಲ್ಲಿ ಪ್ರತಿ ಚೌಕಟ್ಟಿನ ಎರಡೂ ಬದಿಗೆ ಒಂದೊಂದೇ ದುಂಡನೆಯ ರಂಧ್ರವಿರುತ್ತದೆ. ಆದ್ದರಿಂದ ಅದು ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಓಡದು. ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹೊತ್ತಿಕೊಳ್ಳುವುದಲ್ಲದೆ ಕಾಲಕ್ರಮೇಣ ತಾನಾಗಿಯೇ ಕೊಳೆಯುತ್ತದೆ. ಹೀಗಾಗಿ ಉಳಿದ ಪ್ರತಿಗಳು ಪ್ರಾಗ್‌ನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿವೆ. ಖಾಸಗಿ ಸಂಗ್ರಾಹಕರಿಗೆ ಸುಲಭವಾಗಿ ದಕ್ಕುವುದು ಸಂಗ್ರಹಾಲಯವು 2019ರಲ್ಲಿ ಹೊರತಂದ ಡಿಸ್ಕ್. ಅದರಲ್ಲಿ ಗೀರು, ಕಲೆ, ಚಿತ್ರದ ನಡುಕಗಳನ್ನು ಅಳಿಸದೆ ಉಳಿಸಲಾಗಿದೆ. ಹಳೆಯ ಚಿತ್ರ ಚೊಕ್ಕಟವಾಗಿ ಕಾಣಬೇಕೆನ್ನುವವರಿಗೆ ಇದು ರುಚಿಸಲಾರದು.

ಅನಂತರದ ಹಾಸ್ಯಚಿತ್ರಗಳಲ್ಲಿ ಕಿನೊಫಾ ಸಂಸ್ಥೆಯ 'ರೂಡಿ' ಸರಣಿ (1911) ಗಮನಾರ್ಹ. ಅದರ ನಾಯಕ ಎಮಿಲ್ ಆರ್ತುರ್ ಲೋಂಗೆನ್ ಚಿತ್ರಕಲಾವಿದರೂ ಆಗಿದ್ದರು.