ಒಮಾನ್‌ನ ಆರ್ಥಿಕ ಬೆಳವಣಿಗೆ

ಅರಬ್ ಪರ್ಯಾಯ ದ್ವೀಪದ ಆಗ್ನೇಯ ತುದಿಯಲ್ಲಿರುವ ಒಮಾನ್, 1970ರವರೆಗೆ ಹೊರಗಿನವರಿಗೆ ಬಹುಮಟ್ಟಿಗೆ ಬಾಗಿಲು ಹಾಕಿಕೊಂಡಿದ್ದ ಸುಲ್ತಾನರ ರಾಜ್ಯ. ಹಿಂದೆ ಹೀಗಿರಲಿಲ್ಲ. 19ನೇ ಶತಮಾನದ ಮೊದಲ ಭಾಗದಲ್ಲಿ ಅದರ ಆಳ್ವಿಕೆ ಪೂರ್ವ ಆಫ್ರಿಕದ ಜಂಜಿಬಾರ್‌ವರೆಗೆ ಚಾಚಿತ್ತು. ಮಂಗಳೂರಿನ ಅಕ್ಕಿ ಹಡಗೇರಿ ಒಮಾನ್‌ನ ಬಂದರು ನಗರ ಮಸ್ಕತ್‌ಗೆ ಹೋಗುತ್ತಿತ್ತು. ಅದಕ್ಕೂ ಮೊದಲು ಟಿಪ್ಪು ಸುಲ್ತಾನನ ವ್ಯಾಪಾರ ಕೋಠಿಯೂ ಅಲ್ಲಿತ್ತು. 1856ರಲ್ಲಿ ದೊರೆ ಸಯ್ಯಿದ್ ಸಯೀದ್ ತೀರಿಕೊಂಡ ಮೇಲೆ ರಾಜ್ಯ ಮಕ್ಕಳ ನಡುವೆ ಇಬ್ಭಾಗವಾಯಿತು. ಹಬೆ ಹಡಗುಗಳು ಬಂದು ಹಾಯಿ ಹಡಗಿನ ವ್ಯಾಪಾರವೂ ಸೊರಗಿತು.

1932ರಲ್ಲಿ ಪಟ್ಟಕ್ಕೆ ಬಂದ ಸಯೀದ್ ಬಿನ್ ತೈಮೂರ್ ಅಜ್ಮೇರದ ಮೇಯೋ ಕಾಲೇಜಿನಲ್ಲಿ ಓದಿದವರು. ಸಿಂಹಾಸನದ ಜೊತೆ ಅವರಿಗೆ ಸಾಲವೂ ಬಂತು. ಸಾಲದ ಭಯ ಮುಂದೆ ಖರ್ಚಿನ ಭಯವಾಯಿತು, ಬದಲಾವಣೆಯ ಭಯವೂ ಆಯಿತು. ರಾತ್ರಿ ಮಸ್ಕತ್‌ನ ಕೋಟೆ ಬಾಗಿಲು ಮುಚ್ಚುತ್ತಿತ್ತು. ಆಮೇಲೆ ಬೀದಿಯಲ್ಲಿ ಓಡಾಡುವವರ ಕೈಯಲ್ಲಿ ಲಾಂದ್ರ ಇರಲೇಬೇಕಿತ್ತು. ಇಡೀ ದೇಶದಲ್ಲಿದ್ದದ್ದು ಸುಮಾರು 10 ಕಿಲೋಮೀಟರ್ ಡಾಂಬರು ರಸ್ತೆ, ಗಂಡುಮಕ್ಕಳಿಗೆ ಮಾತ್ರ ಮೂರು ಶಾಲೆ. ಎಣ್ಣೆಯ ಹಣವೇ ಒಮಾನನ್ನು ಬದಲಿಸಿತು ಎನ್ನುವವರು ಇದನ್ನು ಗಮನಿಸಬೇಕು: ತೈಲ ರಫ್ತು 1967ರಲ್ಲೇ ಆರಂಭವಾಗಿತ್ತು. ಹಣ ಬಂದರೂ ಜನರ ಬದುಕಿಗೆ ಅದು ಇಳಿಯಲಿಲ್ಲ. ಕೊರತೆಯಿದ್ದದ್ದು ಆಳುವವರ ಇಚ್ಛೆಯಲ್ಲಿ.

1970ರ ಜುಲೈ 23ರಂದು ಮಗ ಕಾಬೂಸ್ ಬ್ರಿಟಿಷರ ಬೆಂಬಲದಿಂದ ತಂದೆಯನ್ನು ಇಳಿಸಿದರು. ದೇಶ ಬಿಟ್ಟು ಹೋಗಿದ್ದವರನ್ನು ವಾಪಸು ಕರೆದದ್ದು ಅವರ ಅತ್ಯಂತ ದೂರದೃಷ್ಟಿಯ ಕೆಲಸ. ಜಂಜಿಬಾರ್‌ನ 1964ರ ಕ್ರಾಂತಿಯಿಂದ ನೆಲೆ ತಪ್ಪಿದ್ದ ಅಲ್ಲಿನ ಒಮಾನಿ ಮೂಲದ ವಿದ್ಯಾವಂತರು ಕಚೇರಿ, ಆಸ್ಪತ್ರೆ, ಶಾಲೆಗಳನ್ನು ಕಟ್ಟಲು ಹೆಗಲು ಕೊಟ್ಟರು. ದಕ್ಷಿಣದ ಧೋಫಾರ್‌ನಲ್ಲಿ ಬಂಡಾಯದ ಯುದ್ಧ ನಡೆಯುತ್ತಿದ್ದಾಗಲೇ, 1974ರಲ್ಲಿ, ಮಸ್ಕತ್ ಪಕ್ಕದ ಮತ್ರಾದಲ್ಲಿ ಆಧುನಿಕ ಬಂದರು ಆರಂಭವಾಯಿತು. 1976ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ, 1986ರಲ್ಲಿ ವಿಶ್ವವಿದ್ಯಾಲಯ ಬಂದವು. ಹೆಣ್ಣುಮಕ್ಕಳೂ ಶಾಲೆಗೆ ಹೋದರು. 1970ರಿಂದ ನಾಲ್ಕು ದಶಕಗಳಲ್ಲಿ ಮಾನವ ಅಭಿವೃದ್ಧಿಯಲ್ಲಿ ಅತಿ ಹೆಚ್ಚು ಪ್ರಗತಿ ಸಾಧಿಸಿದ ದೇಶ ಒಮಾನ್ ಎಂದು 2010ರ ವಿಶ್ವಸಂಸ್ಥೆಯ ವರದಿ 135 ದೇಶಗಳನ್ನು ಹೋಲಿಸಿ ಹೇಳಿತು.

ಈ ಕಟ್ಟೋಣದಲ್ಲಿ ಹೊರದೇಶದವರ ದುಡಿಮೆ ಬಹಳ ದೊಡ್ಡದು. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳಿಗೆ ಮಸ್ಕತ್‌ನ ಸಂಬಳ ಆಸರೆಯಾಗಿದೆ. ಆದರೆ ಓದಿದ ಒಮಾನಿ ಯುವಕರಿಗೆ ಸಾಕಷ್ಟು ಕೆಲಸ ಹುಟ್ಟಲಿಲ್ಲ. ಉದ್ಯೋಗಗಳಲ್ಲಿ ಸ್ವದೇಶಿಯರಿಗೆ ಆದ್ಯತೆ ಕೊಡುವ ನೀತಿ 1988ರಿಂದಲೇ ಇದ್ದರೂ 2011ರಲ್ಲಿ ಸೊಹಾರ್ ನಗರದಲ್ಲಿ ನಿರುದ್ಯೋಗಿಗಳು ಬೀದಿಗಿಳಿದರು. ಆಗ ಸುಲ್ತಾನರು 50,000 ಉದ್ಯೋಗಗಳನ್ನು ಘೋಷಿಸಬೇಕಾಯಿತು.