ತೃಣಮಣಿಯಿಂದ ಡೆಟ್ರಾಯಿಟ್‌ವರೆಗೆ

'ಎಲೆಕ್ಟ್ರೋ' ಒಂಟಿಯಾಗಿ ನಿಲ್ಲುವುದನ್ನು ನಾವು ಕಂಡದ್ದು ಕಡಿಮೆ. ಪೀಣ್ಯದ ಬೋರ್ಡುಗಳ ಮೇಲೆ ಅದು ಪ್ಲೇಟಿಂಗ್ ಜೊತೆಗಿರುತ್ತದೆ, ಆಸ್ಪತ್ರೆಯಲ್ಲಿ ಕಾರ್ಡಿಯೋಗ್ರಾಮ್ ಜೊತೆಗೆ. ಸಂಗೀತಕ್ಕೆ ಬಂದಾಗ ಮಾತ್ರ ಅದಕ್ಕೆ ಬಾಲ ಬೇಕಿಲ್ಲ.

ಮೂಲ ಗ್ರೀಕ್. ಎಲೆಕ್ಟ್ರಾನ್ ಎಂದರೆ ಅಂಬರ್, ಮರದ ಅಂಟು ಮಣ್ಣಿನಡಿ ಯುಗಗಳ ಕಾಲ ಕೂತು ಗಟ್ಟಿಯಾದದ್ದು. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುತ್ತದೆ. ಸಂಸ್ಕೃತದ 'ತೃಣಮಣಿ' ಎಂಬ ಹೆಸರಲ್ಲೂ ಅದೇ ಗುಣವಿದೆ. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಈ ಸೆಳೆತವನ್ನು ಹೇಳಲು ಲ್ಯಾಟಿನ್‌ನಲ್ಲಿ 'ಎಲೆಕ್ಟ್ರಿಕಸ್' ಎಂದು ಬರೆದ. ಮುಂದಿನದು ತಂತಿ, ಬಲ್ಬು, ಬಿಲ್ಲು.

ಸಂಗೀತದ ಎಲೆಕ್ಟ್ರೋಗೆ ಬಂದರೆ, ನನಗೆ ಮುಖ್ಯವಾದದ್ದು 1982. ನ್ಯೂಯಾರ್ಕಿನಲ್ಲಿ ಆಫ್ರಿಕಾ ಬಂಬಾಟಾ ತಂಡ 'ಪ್ಲಾನೆಟ್ ರಾಕ್' ಹೊರತಂದಿತು. ರಾಗದ ಎಳೆ ಜರ್ಮನಿಯ ಕ್ರಾಫ್ಟ್‌ವರ್ಕ್‌ನದು, ಪೆಟ್ಟು ಜಪಾನಿನ ರೋಲ್ಯಾಂಡ್ ಟಿಆರ್-808 ಯಂತ್ರದ್ದು. ಹೌಸ್ ಸಂಗೀತದಲ್ಲಿ ಪೆಟ್ಟು ಪ್ರತಿ ಮಾತ್ರೆಗೂ ಒಂದೇ ಸಮ ಬೀಳುತ್ತದೆ. ಎಲೆಕ್ಟ್ರೋದ ಪೆಟ್ಟು ಒಮ್ಮೆ ಮುಂದೆ ಹಾರುತ್ತದೆ, ಒಮ್ಮೆ ಬಾರದೇ ಉಳಿಯುತ್ತದೆ. ಆ ಖಾಲಿಯಲ್ಲಿ ಕಾಲು ಕಾಯುತ್ತದೆ. 808ರ ಬಾಸ್ ಡ್ರಮ್ಮಿಗೆ 'ಡಿಕೇ' ಎಂಬ ತಿರುಪು ಇದೆ. ಅದನ್ನು ತಿರುಗಿಸಿದಷ್ಟೂ ಸದ್ದು ಉದ್ದವಾಗಿ, ಕಿವಿಗಿಂತ ಹೆಚ್ಚು ಎದೆಗೂಡಿಗೆ ತಾಕುತ್ತದೆ.

ಹೊಸ ಎಲೆಕ್ಟ್ರೋ ಆಲ್ಬಮ್ಮುಗಳಲ್ಲಿ ಕೇಳುವ ಕತ್ತಲು ಬಂದದ್ದು ಬಹುಪಾಲು ಡೆಟ್ರಾಯಿಟ್‌ನಿಂದ. ಕಾರು ಕಾರ್ಖಾನೆಗಳು ಆಳುಗಳನ್ನು ಮನೆಗೆ ಕಳಿಸಿ ರೋಬಾಟ್ ತರಿಸುತ್ತಿದ್ದ ಊರು ಅದು. ಅಲ್ಲಿ ಹ್ವಾನ್ ಆಟ್ಕಿನ್ಸ್, ವಿಯೆಟ್ನಾಂ ಯುದ್ಧದಿಂದ ಮರಳಿದ್ದ ರಿಚರ್ಡ್ ಡೇವಿಸ್ ಜೊತೆ ಸೈಬೊಟ್ರಾನ್ ಕಟ್ಟಿ, 1983ರಲ್ಲಿ 'ಎಂಟರ್' ಆಲ್ಬಮ್ ತಂದರು. ಭವಿಷ್ಯದ ಬಗ್ಗೆ ಬರೆಯುತ್ತಿದ್ದ ಆಲ್ವಿನ್ ಟಾಫ್ಲರ್ ಅವರ ಪುಸ್ತಕ ಓದಿದ್ದ ಆಟ್ಕಿನ್ಸ್ 'ಟೆಕ್ನೋ' ಎಂಬ ಪದದತ್ತ ವಾಲಿದರು. ಎಲೆಕ್ಟ್ರೋ ಎಂಬುದು ಹಳೆಯ ಮನೆಯಲ್ಲೇ ಉಳಿಯಿತು.

ಆ ಮನೆಯನ್ನು ಕಡಲೊಳಗೆ ಒಯ್ದವರು ಅದೇ ಊರಿನ ಡ್ರೆಕ್ಸಿಯಾ: ಜೇಮ್ಸ್ ಸ್ಟಿನ್ಸನ್, ಜೆರಾಲ್ಡ್ ಡೊನಾಲ್ಡ್. 1997ರ 'ದಿ ಕ್ವೆಸ್ಟ್' ಸಂಕಲನದ ಹೊದಿಕೆಯಲ್ಲಿ ಒಂದು ಕಥೆಯಿದೆ. ಅಟ್ಲಾಂಟಿಕ್ ದಾಟುವಾಗ ಗುಲಾಮರ ಹಡಗುಗಳಿಂದ ಬಸುರಿಯರನ್ನು ನೀರಿಗೆ ಎಸೆದರು. ಅವರ ಹೊಟ್ಟೆಯ ಕೂಸುಗಳು ನೀರಲ್ಲೇ ಉಸಿರಾಡುತ್ತ ಬೆಳೆದು ಒಂದು ನಾಡು ಕಟ್ಟಿರಬಹುದೇ ಎಂಬ ಪ್ರಶ್ನೆ. ಹಾಡುಗಳಲ್ಲಿ ಮಾತು ಬಹಳ ಕಡಿಮೆ. ಗುಳುಗುಳು ಎನ್ನುವ ಸಿಂಥ್, ಅದರಡಿ ಅವಸರದ ಪೆಟ್ಟು. ವೈಜ್ಞಾನಿಕ ಕಾದಂಬರಿಯ ವೇಷ ತೊಟ್ಟ ಸಂಗೀತ ಬೇಕಾದಷ್ಟಿದೆ. ಆಗಿಹೋದ ಕೊಲೆಗಳಿಂದ ಭವಿಷ್ಯವನ್ನು ಎಬ್ಬಿಸಿದ ಸಂಗೀತ ಇದೊಂದೇ ಎಂಬಂತೆ ನನ್ನನ್ನು ಹಿಡಿದಿದೆ. ಸ್ಟಿನ್ಸನ್ 2002ರಲ್ಲಿ ತೀರಿಕೊಂಡರು. ಡೊನಾಲ್ಡ್ ಡಾಪ್ಲರೆಫೆಕ್ಟ್ ಹೆಸರಲ್ಲಿ, ಪ್ರಯೋಗಶಾಲೆಯಷ್ಟು ತಣ್ಣಗಿನ ಸದ್ದಿನೊಂದಿಗೆ ಮುಂದುವರಿದರು.

ಈ ಶತಮಾನದ ಮೊದಲ ದಶಕದಲ್ಲಿ ಪದಕ್ಕೆ ಕೆಟ್ಟ ಕಾಲ ಬಂತು. ಕ್ಲಬ್ಬಿನಲ್ಲಿ ಗರಗರ ಎಂದದ್ದೆಲ್ಲ 'ಎಲೆಕ್ಟ್ರೋ' ಆಯಿತು. ಅರ್ಥ ಹಿಗ್ಗುವುದು ಪದಗಳ ಸ್ವಭಾವ, ಒಪ್ಪುತ್ತೇನೆ. ಆದರೆ ಇಲ್ಲಿ ಹಿಗ್ಗಿದಾಗ ಕಳೆದುಹೋದದ್ದು ಡೆಟ್ರಾಯಿಟ್‌ನ ಕಪ್ಪು ಜನರ ಹೆಸರು. ಅದಕ್ಕೇ ಹೊಸ ಆಲ್ಬಮ್ಮಿನ ಮೇಲೆ 'ಡಾರ್ಕ್ ಎಲೆಕ್ಟ್ರೋ' ಎಂಬ ಚೀಟಿ ಕಂಡರೆ ನಾನು ಮೊದಲು ಹುಡುಕುವುದು ಆ ತಪ್ಪಿ ಬೀಳುವ ಪೆಟ್ಟನ್ನು. ಈ ಸಂಗೀತಕ್ಕೆ ಹೊಸಬರಾದವರು ಡ್ರೆಕ್ಸಿಯಾದ 1999ರ 'ನೆಪ್ಚೂನ್ಸ್ ಲೇರ್'ನಿಂದ ಶುರುಮಾಡಲಿ. ಫೋನಿನ ಪುಟ್ಟ ಸ್ಪೀಕರ್ ಸಾಲದು. ಬಾಸ್ ಚೆನ್ನಾಗಿರುವ ದೊಡ್ಡ ಸ್ಪೀಕರ್ ಬೇಕು.